ಅಳಿಸಿಹೋದ ಮೂವತ್ತೊಂದು ಪಾಠ

ಜಿಪಾರ್ ಶಿಕ್ಷಕರ ತರಬೇತಿ ಮುಗಿಸಿಕೊಂಡು ನಾರಿನ್ ಪಟ್ಟಣದಿಂದ ಬಂದದ್ದು ಜನವರಿಯ ಕೊನೆಯ ಶನಿವಾರ. ಮೂರು ದಿನ ಸೊಸೆಯಿಲ್ಲದೆ ಮನೆಗೆಲಸವೆಲ್ಲ ಅತ್ತೆ ಬುರುಲ್ ಅಪಾಳ ಸೊಂಟದ ಮೇಲೆ ಬಿದ್ದಿತ್ತು. ಹಸು ಕರೆಯುವುದು, ಒಲೆಯ ಬೂದಿ ಬಳಿಯುವುದು, ಕಲ್ಲಿದ್ದಲು ಹೊತ್ತು ತರುವುದು, ಹಿಟ್ಟು ನಾದಿ ರೊಟ್ಟಿ ಸುಡುವುದು. ಸೊಸೆ ಹೊಸಿಲ ಬಳಿ ಬೂಟು ಕಳಚುತ್ತಿರುವಾಗಲೇ ಅಪಾ ಕೇಳಿದ್ದು ಒಂದೇ ಮಾತು: ಇಷ್ಟು ದಿನ ಅಲ್ಲಿ ಏನು ಕಲಿಸಿದರು?

ಜಿಪಾರ್ ಚೀಲದಿಂದ ಒಂದು ಹಾಳೆ ತೆಗೆದು ಊಟದ ಮೇಜಿನ ಮೇಲಿಟ್ಟಳು. ಹಾಳೆಯ ನಡುವೆ ಅಂಗೈಯಗಲದ ಒಂದು ಚೌಕ. ಅದರ ತುಂಬ ಕಪ್ಪು ಬಿಳಿ ಚುಕ್ಕೆಗಳು. ಮಾವ ಅಸಾನ್ ಕನ್ನಡಕ ಏರಿಸಿಕೊಂಡು ನೋಡಿ, ಅಂಗಡಿಯಲ್ಲಿ ದುಡ್ಡು ಕೊಡುವಾಗ ಫೋನಿಗೆ ತೋರಿಸುವುದು ಇದನ್ನೇ ಅಲ್ಲವೇ ಎಂದ. ಅದೇ ಕ್ಯೂಆರ್ ಕೋಡು, ಆದರೆ ಇದರೊಳಗೆ ಪಾಠವಿದೆ ಎಂದು ಸೊಸೆ ಗಂಡನ ಫೋನನ್ನು ಚೌಕದ ಮೇಲೆ ಹಿಡಿದಳು. ಫೋನು ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ಯಾರೋ ಹೆಂಗಸಿನ ಧ್ವನಿಯಲ್ಲಿ ನರಿಯ ಕಥೆ ಓದತೊಡಗಿತು. ಎಂಟು ವರ್ಷದ ಮೊಮ್ಮಗಳು ಐಬಿಕೆ ಹಾಳೆಯನ್ನೇ ಕಸಿದು ಕಿವಿಗಿಟ್ಟುಕೊಂಡಳು. ಎಲ್ಲರೂ ನಕ್ಕರು. ಬುರುಲ್ ಅಪಾ ಮಾತ್ರ ಚಹಾ ಬಟ್ಟಲುಗಳನ್ನು ಒಂದರೊಳಗೊಂದು ಜೋಡಿಸಿಕೊಂಡು ಎದ್ದಳು.

"ಗೋಡೆ ಮೇಲೆ ಇರುವೆ ಮುತ್ತಿದ ಹಾಗಿದೆ," ಎಂದಳು. "ಹಸುವಿಗೆ ಹುಲ್ಲು ಹಾಕಿಲ್ಲ. ಅದನ್ನ ನೋಡು ಮೊದಲು."

ಹಿರಿಯಳೆಂದು ಎಲ್ಲರಿಂದ ಅಪಾ ಎನ್ನಿಸಿಕೊಂಡ ಬುರುಲ್ ಅದೇ ಊರಿನ ಶಾಲೆಯಲ್ಲಿ ಮೂವತ್ತಾರು ವರ್ಷ ಚಿಕ್ಕ ಮಕ್ಕಳಿಗೆ ಅಕ್ಷರ ಕಲಿಸಿದವಳು. ಆ ಕಣಿವೆಯಲ್ಲಿ ಐವತ್ತರೊಳಗಿನ ಯಾರನ್ನು ಕೇಳಿದರೂ ಅವಳ ಮರದ ಅಳತೆಪಟ್ಟಿಯ ಸದ್ದು ನೆನಪಿದೆ ಎನ್ನುತ್ತಿದ್ದರು. ಮೇಜಿನ ಮೇಲೆ ಒಂದು ಏಟು ಬಿದ್ದರೆ ಓದು ತಪ್ಪಿದೆ ಎಂದರ್ಥ. ಎರಡು ಬಿದ್ದರೆ ಮೊದಲಿಂದ ಓದಬೇಕು. ಈಗಿನ ಮುಖ್ಯೋಪಾಧ್ಯಾಯ ಎಸೆನ್ ಕೂಡ ಆ ಸದ್ದಿಗೆ ಬೆಚ್ಚಿ ಓದು ಕಲಿತವನೇ. ಇಂದಿಗೂ ಅವಳನ್ನು ಬೀದಿಯಲ್ಲಿ ಕಂಡರೆ ಸಿಗರೇಟು ಬೆನ್ನ ಹಿಂದೆ ಮರೆಮಾಡುತ್ತಿದ್ದ. ಅಪಾ ನಿವೃತ್ತಳಾಗಿ ಆರು ವರ್ಷವಾಗಿತ್ತು. ಅವಳ ಕೋಣೆ, ಅವಳ ಹಲಗೆ ಈಗ ಸೊಸೆ ಜಿಪಾರ್‌ಗೆ ಬಂದಿದ್ದವು. ಐಬಿಕೆ ಅದೇ ಕೋಣೆಯ ಎರಡನೇ ತರಗತಿಯಲ್ಲಿದ್ದಳು.

ಐಬಿಕೆ ಮಗನ ಮಗಳಲ್ಲ, ಮಗಳ ಮಗಳು. ಅವಳ ತಾಯಿ ಚೋಲ್ಪೋನ್ ಮಾಸ್ಕೋದ ಒಂದು ಹೊಲಿಗೆ ಕಾರ್ಖಾನೆಯಲ್ಲಿದ್ದಳು. ಅವಳ ಗಂಡ ಕುಡಿದು ಹೊಡೆಯುವವನು. ಎರಡು ಸಲ ಅವಳು ತವರಿಗೆ ಓಡಿಬಂದಾಗ ಬುರುಲ್ ಅಪಾ ಮದುವೆಯಾದವಳ ಗುರುತೆಂದು ಮಗಳ ತಲೆಗೆ ಹೊಸ ವಸ್ತ್ರ ಕಟ್ಟಿ, ಊರೆಲ್ಲ ನೋಡುತ್ತಿದೆ ಎಂದು ಬುದ್ಧಿ ಹೇಳಿ, ತಾನೇ ವಾಪಸು ಬಿಟ್ಟುಬಂದಿದ್ದಳು. ಮೂರನೆಯ ಸಲ ಚೋಲ್ಪೋನ್ ಮಗುವನ್ನು ತಾಯಿಯ ಮಂಚದ ಮೇಲೆ ಮಲಗಿಸಿ, ಸೀದಾ ರಾಜಧಾನಿ ಬಿಷ್ಕೆಕ್‌ಗೆ ಹೋಗಿ, ಅಲ್ಲಿಂದ ರಷ್ಯಾಕ್ಕೆ ಹೊರಟುಹೋದಳು. ಐದು ವರ್ಷವಾಗಿತ್ತು. ಪ್ರತಿ ಭಾನುವಾರ ಫೋನ್ ಬರುತ್ತಿತ್ತು. ಅಪಾ ಅದನ್ನು ಮೊಮ್ಮಗಳ ಕೈಗಿಟ್ಟು ತಾನು ಅಂಗಳಕ್ಕೆ ಹೋಗುತ್ತಿದ್ದಳು. ಹತ್ತು ನಿಮಿಷಕ್ಕೆ ಸರಿಯಾಗಿ ಒಳಬಂದು ಕೈ ಚಾಚುತ್ತಿದ್ದಳು. ಅಪಾ ಮತ್ತು ಚೋಲ್ಪೋನ್ ಮಾತ್ರ ಒಂದು ಮಾತೂ ಆಡುತ್ತಿರಲಿಲ್ಲ.

ಐಬಿಕೆಗೆ ಓದು ಹತ್ತುತ್ತಿರಲಿಲ್ಲ. ಅಕ್ಷರವೆಲ್ಲ ಗೊತ್ತು, ಆದರೆ ಪಕ್ಕದಲ್ಲಿ ಅಜ್ಜಿ ಕೂತಳೆಂದರೆ ಮೊದಲ ಪದದಲ್ಲೇ ನಾಲಗೆ ಕಚ್ಚಿಕೊಳ್ಳುತ್ತಿತ್ತು. ದಿನಾ ಸಂಜೆ ರೊಟ್ಟಿ ಕೆನೆ ತಿಂದ ಮೇಲೆ ಮೇಜಿನ ಮೇಲೆ ಪುಸ್ತಕ, ಪುಸ್ತಕದ ಪಕ್ಕ ಅಳತೆಪಟ್ಟಿ. ಅರ್ಧ ಪುಟ ಮುಗಿಯುವಷ್ಟರಲ್ಲಿ ಮಗುವಿನ ಕಣ್ಣಲ್ಲಿ ನೀರು. ಇಡೀ ಊರಿಗೆ ಓದಿಸಿದವಳ ಮನೆಯ ಮಗು ಓದುವುದಿಲ್ಲ ಎಂಬ ಮಾತು ಅಪಾಳನ್ನು ಚುಚ್ಚುತ್ತಿತ್ತು.

ಫೆಬ್ರವರಿಯುದ್ದಕ್ಕೂ ಜಿಪಾರ್ ಅಡುಗೆ ಮುಗಿಸಿ, ಅದೇ ಮೇಜಿನ ತುದಿಯಲ್ಲಿ ತನ್ನ ಚೌಕಗಳ ಕೆಲಸ ಹಿಡಿದಳು. ಫೋನಿನಲ್ಲಿ ಪಾಠ ಓದಿ ಧ್ವನಿ ಮುದ್ರಿಸುವುದು, ಅದನ್ನು ಇಂಟರ್ನೆಟ್ಟಿನಲ್ಲಿ ಒಂದು ಕಡೆ ಇರಿಸುವುದು, ಅದರ ವಿಳಾಸವನ್ನು ಇನ್ನೊಂದು ಕಡೆ ಹಾಕಿದರೆ ಚೌಕ ತಯಾರಾಗಿ ಬರುತ್ತಿತ್ತು. ಹೇಳುವುದಕ್ಕೆ ಇಷ್ಟೇ. ಮಾಡಲು ಹೋದರೆ ಹತ್ತು ವಿಘ್ನ. ಕಾಗದ ಉಳಿಯಲೆಂದು ಮೊದಲ ಸಲ ಬೆರಳುಗುರಿನಷ್ಟು ಚಿಕ್ಕದಾಗಿ ಮುದ್ರಿಸಿದಳು; ಯಾವ ಫೋನೂ ಗುರುತು ಹಿಡಿಯಲಿಲ್ಲ. ಎರಡನೆಯ ಸಲ ಸುತ್ತಲಿನ ಬಿಳಿ ಅಂಚನ್ನು ಚೊಕ್ಕವಾಗಿ ಕತ್ತರಿಸಿಬಿಟ್ಟಳು. ಅಂಚಿಲ್ಲದೆ ಅದು ಓದಿಸಿಕೊಳ್ಳುವುದಿಲ್ಲವಂತೆ. ಮೂರನೆಯ ಸಲ ಹರಿಯದಿರಲೆಂದು ಮೇಲೆ ಹೊಳೆಯುವ ಟೇಪು ಅಂಟಿಸಿದಳು; ದೀಪದ ಬೆಳಕು ಅದರ ಮೇಲೆ ಬಿದ್ದು ಕಣ್ಣು ಕುಕ್ಕಿತು. ಎಲ್ಲ ಸರಿಯಾಯಿತೆಂದು ತರಗತಿಗೆ ಒಯ್ದರೆ, ಎಲ್ಲರೂ ತೆರೆಯಬಹುದು ಎಂಬ ಅನುಮತಿ ಕೊಡುವುದನ್ನೇ ಮರೆತಿದ್ದಳು. ಇಪ್ಪತ್ತನಾಲ್ಕು ಮನೆಗಳಲ್ಲಿ ಇಪ್ಪತ್ತನಾಲ್ಕು ಫೋನುಗಳು ಗುಪ್ತಪದ ಕೇಳಿದವು. ಮರುದಿನ ಬೆಳಿಗ್ಗೆ ಶಾಲೆಯ ಗೇಟಿನಲ್ಲಿ ಅಜ್ಜಿಯರ ದಂಡು.

ಗಂಡ ತಲಾಂತ್ ಊರಿನಿಂದ ಬಿಷ್ಕೆಕ್‌ಗೆ ವ್ಯಾನು ಓಡಿಸುವವನು. ರಾಜಧಾನಿಯಿಂದ ಒಳ್ಳೆಯ ಅಂಟುಕಾಗದ ತಂದುಕೊಟ್ಟ. ಹಳೆಯ ಫೋನೊಂದನ್ನು ಐಬಿಕೆಗೆ ಬಿಟ್ಟುಕೊಟ್ಟ.

ಒಂದು ಸಂಜೆ ಜಿಪಾರ್ ಅತ್ತೆಯ ಬಟ್ಟಲಿಗೆ ಚಹಾ ಬಗ್ಗಿಸುತ್ತ, ನನ್ನ ಧ್ವನಿ ಚಪ್ಪಟೆ, ಮಕ್ಕಳು ನಿದ್ದೆ ಹೋಗುತ್ತಾರೆ, ನೀವು ಓದಿದರೆ ಊರೇ ಕೇಳುತ್ತದೆ ಎಂದು ಕೇಳಿಕೊಂಡಳು.

"ನಾನು ಮಕ್ಕಳ ಎದುರಿಗೆ ನಿಂತು ಓದಿದವಳು," ಎಂದಳು ಅಪಾ. "ಕಾಗದದ ಹಿಂದೆ ಅಡಗಿಕೊಂಡು ಅಲ್ಲ."

"ಮನೇಲಿ ಓದಿಸೋರು ಇಲ್ಲದ ಮಕ್ಕಳಿಗೆ, ಅಪಾ. ಏಳು ಮಕ್ಕಳ ಅಪ್ಪ ಅಮ್ಮ ರಷ್ಯಾದಲ್ಲಿದಾರೆ."

"ಹೋಗು ಅಂತ ನಾನು ಹೇಳಿದ್ನಾ ಅವರಿಗೆ?"

ಅಸಾನ್ ಗಡ್ಡ ತುರಿಸಿಕೊಳ್ಳುತ್ತ, ಮಾತಾಡೋದಕ್ಕೆ ಯಾವತ್ತೂ ಇಷ್ಟು ಚೌಕಾಸಿ ಮಾಡಿದವಳಲ್ಲ ನಮ್ಮಾಕೆ ಎಂದ. ಅಪಾ ಅವನ ಕಡೆ ತಿರುಗಿಯೂ ನೋಡಲಿಲ್ಲ. ಜಿಪಾರ್ ಮತ್ತೆ ಕೇಳಲಿಲ್ಲ.

ಮಾರ್ಚ್ ಹೊತ್ತಿಗೆ ಐಬಿಕೆಯ ನಾಲಗೆ ಬಿಚ್ಚಿಕೊಂಡಿತು. ಮೊದಲು ಒಂದು ಸಾಲು, ಆಮೇಲೆ ಒಂದು ಪುಟ. ನಿಲ್ಲುವ ಕಡೆ ನಿಂತು, ಉಸಿರು ತೆಗೆದುಕೊಂಡು, ಮಾತಿನ ಏರಿಳಿತದೊಂದಿಗೆ ಓದತೊಡಗಿದಳು. ನೂರೂಜ್ ಹಬ್ಬದ ದಿನ ಮನೆಗೆ ಬಂದ ನೆಂಟರ ಮುಂದೆ, ಗೋಧಿಪಾಯಸದ ಬಟ್ಟಲು ಪಕ್ಕಕ್ಕಿಟ್ಟು, ಅವಳು ಎರಡು ಪುಟದ ಕಥೆಯನ್ನು ಎಲ್ಲೂ ತಡವರಿಸದೆ ಓದಿದಾಗ ನೆರೆಮನೆಯ ಮುದುಕಿ ಕಣ್ಣೊರೆಸಿಕೊಂಡಳು. ಅದೇ ಕೈ, ಅದೇ ಬುರುಲ್ ಮುಗಾಲಿಮಳ ಕೈ ಎಂದು ಎಲ್ಲರೂ ಹೊಗಳಿದರು. ಊರಲ್ಲಿ ಮೇಷ್ಟರಿಗೆ ಮುಗಾಲಿಮ್ ಎನ್ನುತ್ತಾರೆ. ಅಪಾ ಬೇಡವೆನ್ನಲಿಲ್ಲ. ಎಷ್ಟು ಸಂಜೆ ಕೂತಿದ್ದೇನೆ ನನಗೇ ಗೊತ್ತು ಎಂದಳು. ಬಾಗಿಲ ಬಳಿ ತಟ್ಟೆ ಹಿಡಿದು ನಿಂತಿದ್ದ ಜಿಪಾರ್ ಒಳಗೆ ಹೋದಳು.

ಒಂದು ವಾರದ ಮೇಲೆ, ರಜೆಯ ಒಂದು ಮಧ್ಯಾಹ್ನ, ಅಪಾ ಈರುಳ್ಳಿ ತರಲೆಂದು ಅಂಗಳದಾಚೆಯ ಉಗ್ರಾಣಕ್ಕೆ ಹೋದಳು. ಹಿಟ್ಟಿನ ಚೀಲಗಳ ಹಿಂದಿನಿಂದ ಯಾರೋ ಮಾತಾಡುವುದು ಕೇಳಿಸಿತು.

"ಇಲ್ಲಿ ನಿಲ್ಲು, ಮರಿ. ಉಸಿರು ತಗೋ. ಗೊತ್ತಾಗದೆ ಇದ್ರೆ ಪರವಾಗಿಲ್ಲ, ನಾನೂ ಇಲ್ಲಿ ತಡವರಿಸ್ತಿದ್ದೆ. ಈಗ ಬೆರಳು ಮುಂದಕ್ಕೆ."

ಚೋಲ್ಪೋನ್‌ಳ ಧ್ವನಿ. ಅಪಾ ಬಾಗಿಲು ಹಿಡಿದುಕೊಂಡಳು. ಮಗಳು ಬಂದಳೆಂದೇ ಒಂದು ಗಳಿಗೆ ಅನ್ನಿಸಿತು. ಚೀಲಗಳ ಹಿಂದೆ ಇಣುಕಿದರೆ ಐಬಿಕೆ ಕಂಬಳಿ ಹಾಸಿಕೊಂಡು ಕೂತಿದ್ದಳು. ತೊಡೆಯ ಮೇಲೆ ಪುಸ್ತಕ, ಪುಸ್ತಕದ ಮೂಲೆಯಲ್ಲಿ ಚೌಕ, ಪಕ್ಕದಲ್ಲಿ ಹಳೆಯ ಫೋನು. ಫೋನಿನೊಳಗಿನ ತಾಯಿ ಒಂದು ಸಾಲು ಓದುತ್ತಿದ್ದಳು, ನಿಲ್ಲುತ್ತಿದ್ದಳು. ಆ ಬಿಡುವಿನಲ್ಲಿ ಮಗು ಅದೇ ಸಾಲನ್ನು ಓದುತ್ತಿತ್ತು.

ಅಪಾ ಪುಸ್ತಕ ಕಸಿದುಕೊಂಡು ಹಾಳೆ ತಿರುವಿದಳು. ಸೊಸೆಯ ಓದೆಂದು ತಾನು ಕಡೆಗಣಿಸಿದ್ದ ಚೌಕ ಪ್ರತಿ ಪಾಠಕ್ಕೂ ಇತ್ತು.

ಆ ದಿನದ ಊಟಕ್ಕೆ ಈರುಳ್ಳಿಯೂ ಬರಲಿಲ್ಲ, ಊಟವೂ ಆಗಲಿಲ್ಲ. ಕುರಿಮಾಂಸದ ಸಾರು ಆರಿ ಮೇಲೆ ಕೊಬ್ಬು ಕಟ್ಟಿತು. ಎಷ್ಟು ದಿನದಿಂದ ನಡೆಯುತ್ತಿದೆ ಎಂದು ಅಪಾ ಕೇಳಿದಳು. ಫೆಬ್ರವರಿಯಿಂದ ಎಂದಳು ಜಿಪಾರ್. ತರಗತಿಯ ಆ ಏಳು ಮಕ್ಕಳಿಗೂ ಅವರವರ ತಾಯಿ ತಂದೆಯಿಂದಲೇ ಓದಿಸಿ ತರಿಸಿದ್ದೇನೆ. ಒಬ್ಬ ತಂದೆ ಕಟ್ಟಡದ ಮೇಲೆ ನಿಂತು ಓದಿದ್ದಾನೆ, ಹಿಂದೆ ಯಂತ್ರದ ಸದ್ದು ಕೇಳುತ್ತದೆ. ಚೋಲ್ಪೋನ್ ಅಕ್ಕ ಹನ್ನೆರಡು ಗಂಟೆ ಕೆಲಸ ಮುಗಿಸಿ, ಕೂಲಿಯವರ ವಸತಿಯ ಮೆಟ್ಟಿಲ ಮೇಲೆ ಕೂತು, ಜೊತೆಯವಳ ಫೋನ್ ಇಸಕೊಂಡು ಮೂವತ್ತೊಂದು ಪಾಠ ಓದಿದ್ದಾಳೆ.

"ನನ್ನ ಬೆನ್ನ ಹಿಂದೆ," ಎಂದಳು ಅಪಾ.

"ನಿಮ್ಮ ಮುಂದೆ ಹೇಳಿದ್ರೆ ಬೇಡ ಅಂತಿದ್ರಿ."

"ಹೌದು, ಅಂತಿದ್ದೆ. ಮಗು ಬಿಟ್ಟು ಹೋದವಳು ಈಗ ಮೆಟ್ಟಿಲ ಮೇಲೆ ಕೂತು ತಾಯಿ ಆಗ್ತಾಳಾ? ಐದು ವರ್ಷ ಮೂಗು ಒರೆಸಿದ್ದು ಯಾರು?"

ತಲಾಂತ್ ತಂಗಿಯ ಪರ ಒಂದು ಮಾತು ಆಡಹೋದ. ನೀನು ಬಾಯಿ ಮುಚ್ಚಿಕೊಂಡು ವ್ಯಾನು ಓಡಿಸು ಎಂದಳು ತಾಯಿ. ಅಸಾನ್ ರೊಟ್ಟಿಯ ಚೂರೊಂದನ್ನು ಬೆರಳಲ್ಲಿ ಉಂಡೆ ಕಟ್ಟುತ್ತ, ಮಗು ಓದ್ತಿದೆಯಲ್ಲ ಬುರುಲ್, ಯಾರ ಬಾಯಿಂದ ಬಂದರೇನು ಎಂದ. ಅದೇ ಮಾತು ಅವಳಿಗೆ ಎಲ್ಲಕ್ಕಿಂತ ಹೆಚ್ಚು ತಾಗಿತು. ನೆಂಟರ ಮುಂದೆ ತಾನು ಹೇಳಿಕೊಂಡದ್ದು, ಸೊಸೆ ತಟ್ಟೆ ಹಿಡಿದು ಕೇಳಿಸಿಕೊಂಡದ್ದು ನೆನಪಾಗಿ ಅವಳ ಮುಖ ಸುಟ್ಟಂತಾಯಿತು.

ಏಪ್ರಿಲ್ ಮೊದಲ ವಾರ ಶಾಲೆಯಲ್ಲಿ ಪೋಷಕರ ಸಭೆ. ಹಿರಿಯ ಮುಗಾಲಿಮ್ ಎಂದು ಅಪಾಳಿಗೆ ಎಂದಿನಂತೆ ಮುಂದಿನ ಕುರ್ಚಿ. ಕೊನೆಯಲ್ಲಿ ಅವಳು ಎದ್ದು ನಿಂತಳು. ಯಾರ ಹೆಸರನ್ನೂ ಎತ್ತದೆ, ಮೆಲ್ಲಗೆ, ಪಾಠ ಹೇಳುವ ಧಾಟಿಯಲ್ಲೇ ಮಾತಾಡಿದಳು. ಕಣ್ಣಿನಿಂದ ಓದಬೇಕಾದ ಮಕ್ಕಳು ಕಿವಿಯಿಂದ ಓದುತ್ತಿದ್ದಾರೆ. ಪುಸ್ತಕ ಶಾಲೆಯದು, ಮುಂದಿನ ವರ್ಷ ಬೇರೆ ಮಗುವಿನ ಕೈಗೆ ಹೋಗುವಂಥದ್ದು, ಅದಕ್ಕೆ ಮನೆಮನೆಯ ಮಾತು ಅಂಟಿಸುವುದು ಸರಿಯೇ. ಎಂಟು ವರ್ಷದವರ ಕೈಗೆ ಫೋನ್ ಕೊಡುತ್ತಿರುವವರು ನಾವೇ ಅಲ್ಲವೇ. ಹಿಂದಿನ ಸಾಲುಗಳಲ್ಲಿ ತಲೆಗಳು ಆಡಿದವು. ಅಲ್ಲಿದ್ದವರಲ್ಲಿ ಹೆಚ್ಚಿನವರು ಅವಳ ಮುಂದೆ ಅಕ್ಷರ ತಿದ್ದಿದವರು. ಅವಳಿಗೆ ಎದುರಾಡುವುದು ಅವರಿಗೆ ಗೊತ್ತಿರಲಿಲ್ಲ. ಎಸೆನ್ ಜಿಪಾರ್‌ಳ ಕಡೆ ನೋಡಿದ, ಅಪಾಳ ಕಡೆ ನೋಡಿದ, ಸದ್ಯಕ್ಕೆ ಇದನ್ನು ನಿಲ್ಲಿಸೋಣ ಎಂದ.

ಜಿಪಾರ್ ಪುಸ್ತಕಗಳನ್ನೆಲ್ಲ ಮನೆಗೆ ಹೊತ್ತು ತಂದಳು. ಶನಿವಾರ ಮಧ್ಯಾಹ್ನವೆಲ್ಲ ಮೇಜಿನ ಮೇಲೆ ಬಿಸಿನೀರಿನ ಬಟ್ಟಲಿಟ್ಟುಕೊಂಡು, ಒದ್ದೆ ಬಟ್ಟೆ ಒತ್ತಿ ಒತ್ತಿ, ಹಾಳೆ ಹರಿಯದಂತೆ ಒಂದೊಂದೇ ಚೌಕ ಬಿಡಿಸಿದಳು. ಅಪಾ ಎದುರಿಗೆ ಕೂತು ಹಿಟ್ಟು ನಾದುತ್ತಿದ್ದಳು. ಕೆಲಸ ಮುಗಿದ ಮೇಲೆ ಸೊಸೆ ಕೈ ಒರೆಸಿಕೊಂಡು ಕೇಳಿದಳು:

"ಧ್ವನಿಗಳು ಹಾಗೇ ಇವೆ. ಅವನ್ನ ಏನು ಮಾಡ್ಲಿ, ಅಪಾ?"

"ಅವಳದನ್ನ ತೆಗೆದುಹಾಕು. ಈ ಮನೇಲಿ ಅದು ಬೇಡ."

"ಅಳಿಸಿದ್ರೆ ಮತ್ತೆ ಬರಲ್ಲ. ನನ್ನ ಫೋನಲ್ಲಿ, ಇಂಟರ್ನೆಟ್ಟಲ್ಲಿ ಬಿಟ್ರೆ ಬೇರೆಲ್ಲೂ ಇಲ್ಲ, ಎರಡೂ ಒಟ್ಟಿಗೇ ಹೋಗುತ್ತೆ. ಅಲ್ಲಿ ಆ ಜೊತೆಯವಳೂ ಅಳಿಸಿದಾಳೆ."

"ಹೇಳಿದೆನಲ್ಲ."

"ಮೂವತ್ತೊಂದೂ?"

"ಎಷ್ಟು ಸಲ ಕೇಳ್ತೀಯ?"

ಜಿಪಾರ್ ಫೋನ್ ತೆಗೆದುಕೊಂಡಳು. ಅವಳ ಹೆಬ್ಬೆಟ್ಟು ಮೂರು ನಾಲ್ಕು ಸಲ ಆಡಿತು. ಫೋನನ್ನು ಬೋರಲಾಗಿಟ್ಟು, ಕೊಳಕು ನೀರು ಚೆಲ್ಲಲು ಅಂಗಳಕ್ಕೆ ಹೋದಳು.

ಸೊಸೆ ಎಲ್ಲೋ ಒಂದು ಕಡೆ ಇಟ್ಟುಕೊಂಡೇ ಇರುತ್ತಾಳೆ ಎಂದು ಅಪಾಳಿಗೆ ಆ ಗಳಿಗೆಯಲ್ಲೂ ಖಾತ್ರಿಯಿತ್ತು. ಬೆನ್ನ ಹಿಂದೆ ಎರಡು ತಿಂಗಳು ನಡೆಸಿದವಳು ಇದನ್ನು ಬಿಟ್ಟಾಳೆಯೇ.

ಐಬಿಕೆ ಅಳಲಿಲ್ಲ. ಹಟ ಮಾಡಲಿಲ್ಲ. ಸಂಜೆ ಕರೆದರೆ ಬಂದು ಕೂರುತ್ತಿದ್ದಳು, ಪುಸ್ತಕ ತೆರೆಯುತ್ತಿದ್ದಳು, ಸಾಲಿನ ಕೆಳಗೆ ಬೆರಳಿಡುತ್ತಿದ್ದಳು. ಬಾಯಿ ತೆರೆಯುತ್ತಿರಲಿಲ್ಲ. ಅಪಾ ಮೊದಲು ಅಳತೆಪಟ್ಟಿ ಬಡಿದಳು. ಆಮೇಲೆ ಪಟ್ಟಿಯನ್ನು ಒಳಗಿಟ್ಟು, ತಾನೇ ಸಾಲು ಸಾಲಾಗಿ ಓದಿ ಹೇಳಿದಳು. ಜರ್ದಾಳುವಿನ ಮುರಬ್ಬದ ಆಸೆ ತೋರಿಸಿದಳು. ಶಾಲೆಯಲ್ಲೂ ಅದೇ ಕಥೆ. ಮೇ ತಿಂಗಳಲ್ಲಿ ಮಕ್ಕಳೆಲ್ಲ ಎದ್ದು ನಿಂತು ಓದಿ ತೋರಿಸುವ ದಿನ ಐಬಿಕೆ ನಿಂತೇ ಇದ್ದಳು. ಜಿಪಾರ್ ಅವಳ ಭುಜ ಮುಟ್ಟಿ ಕೂರಿಸಿದಳು.

ಆ ಸಂಜೆ ಹಸುವಿನ ಕೊಟ್ಟಿಗೆಯಲ್ಲಿ, ಸೊಸೆ ಹಾಲು ಕರೆಯುತ್ತಿರುವಾಗ, ಅಪಾ ಬಂದು ನಿಂತಳು.

"ಅದನ್ನ ಕೊಟ್ಟುಬಿಡು ಮಗುಗೆ," ಎಂದಳು.

"ಯಾವುದನ್ನ?"

"ಅದೇ. ಅವಳು ಓದಿದ್ದು. ಉಗ್ರಾಣದಲ್ಲೇ ಕೂತು ಕೇಳಲಿ. ನಾನು ಆ ಕಡೆ ಬರಲ್ಲ."

ಜಿಪಾರ್ ಹಾಲು ಕರೆಯುವುದನ್ನು ನಿಲ್ಲಿಸಲಿಲ್ಲ. "ಅಳಿಸಿದೆನಲ್ಲ ಅಪಾ, ನಿಮ್ಮ ಎದುರಿಗೇ."

"ಎಲ್ಲೋ ಒಂದು ಕಡೆ ಇಟ್ಟಿರ್ತೀಯ ಅಂದ್ಕೊಂಡಿದ್ದೆ."

"ಇಟ್ಟಿದ್ರೆ ಬೆನ್ನ ಹಿಂದೆ ಅಂತಿದ್ರಿ. ಅದಕ್ಕೆ ನೀವು ಹೇಳಿದ ಹಾಗೇ ಮಾಡಿದೆ."

ಹಾಲಿನ ಬಿಂದಿಗೆ ತುಂಬುವವರೆಗೂ ಅಪಾ ಅಲ್ಲೇ ನಿಂತಿದ್ದಳು. ಬಿಂದಿಗೆಯನ್ನು ತಾನೇ ಎತ್ತಿಕೊಂಡು ಹೋಗಲು ಕೈ ಚಾಚಿದಳು. ಜಿಪಾರ್ ಬಿಡಲಿಲ್ಲ.

ಭಾನುವಾರದ ಫೋನ್ ಬಂದಾಗ ಅಪಾ ಅಂಗಳಕ್ಕೆ ಹೋಗಲಿಲ್ಲ. ಐಬಿಕೆ ಮಾತಾಡಿ ಮುಗಿಸಿದ ಮೇಲೆ, ಇನ್ನೊಂದು ಸಲ ಓದಿ ಕಳಿಸಲು ಹೇಳು ಎಂದು ಸೊಸೆಯ ಬಾಯಲ್ಲಿ ಹೇಳಿಸಿದಳು. ಚೋಲ್ಪೋನ್‌ಗೆ ಎಲ್ಲ ಗೊತ್ತಾಗಿತ್ತು. ಇನ್ನು ಓದುವುದಿಲ್ಲ, ಇದ್ದ ಶಕ್ತಿ ಅಷ್ಟೇ, ಅದು ಒಂದು ಸಲಕ್ಕೆ ಸಾಕಾಯಿತು. ಜೂನ್‌ನಲ್ಲಿ ಬಂದು ಮಗಳನ್ನು ಕರೆದುಕೊಂಡು ಹೋಗುತ್ತೇನೆ ಎಂದಳಂತೆ. ಜಿಪಾರ್ ಅದನ್ನು ಒಂದಕ್ಷರ ಕೂಡಿಸದೆ, ಕಳೆಯದೆ ಅತ್ತೆಗೆ ಹೇಳಿದಳು.

ಅವಳು ಬಂದದ್ದು ಜೂನ್ ಹನ್ನೆರಡರಂದು, ಅಣ್ಣನ ವ್ಯಾನಿನಲ್ಲೇ. ಅಪಾ ಬೆಳಿಗ್ಗೆಯೇ ಹಿಟ್ಟು ಕಲಸಿ ಬುಟ್ಟಿ ತುಂಬ ಬೂರ್ಸೋಕ್ ಕರಿದಿಟ್ಟಿದ್ದಳು. ಅಸಾನ್ ಕುರಿ ಕೊಯ್ದಿದ್ದ. ಚೋಲ್ಪೋನ್ ತೆಳ್ಳಗಾಗಿದ್ದಳು. ಬಲಗೈಯ ತೋರುಬೆರಳಿನ ಉಗುರು ಸೂಜಿ ಹೊಕ್ಕು ಕಪ್ಪಾಗಿತ್ತು. ಅಪ್ಪನನ್ನು ತಬ್ಬಿಕೊಂಡಳು, ತಾಯಿಯ ಕೆನ್ನೆಗೆ ಕೆನ್ನೆ ತಾಗಿಸಿದಳು, ಬಡಿಸಿದ್ದೆಲ್ಲ ಉಂಡಳು. ಮೂರು ದಿನವೂ ಪಾತ್ರೆ ತೊಳೆದಳು, ಕಂಬಳಿ ಒಗೆದಳು, ಅಂಗಳ ಗುಡಿಸಿದಳು. ತಾಯಿಯ ಜೊತೆ ಉಪ್ಪು ಎಲ್ಲಿದೆ, ಬಕೆಟ್ ಎಲ್ಲಿದೆ ಎಂಬುದಕ್ಕಿಂತ ಹೆಚ್ಚು ಮಾತಿಲ್ಲ.

ಕೊನೆಯ ದಿನ ಇಬ್ಬರೂ ಮಗುವಿನ ಬಟ್ಟೆ ಮಡಿಸುತ್ತ ಕೂತಿದ್ದಾಗ ಅಪಾ ತಾನೇ ಬಾಯಿಬಿಟ್ಟಳು.

"ಅಲ್ಲಿ ಎಲ್ಲ ರಷ್ಯನ್ ಭಾಷೆಯಲ್ಲೇ. ಮಗು ಕಷ್ಟಪಡುತ್ತೆ. ಮೊದಲು ಇಲ್ಲಿದು ಗಟ್ಟಿಯಾಗಲಿ. ಇನ್ನೊಂದು ವರ್ಷ ಬಿಡು."

"ಇಲ್ಲಿ ಅವಳು ಬಾಯೇ ಬಿಡ್ತಾ ಇಲ್ಲವಲ್ಲ, ಅಮ್ಮ."

"ನಾನು ತಪ್ಪು ಮಾಡಿದೆ."

ಚೋಲ್ಪೋನ್ ಒಂದು ಅಂಗಿಯನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು. "ನಾನೂ ಒಂದು ಸಲ ಈ ಮನೆ ಬಾಗಿಲಲ್ಲಿ ನಿಂತು ಮಾತಾಡೋಕೆ ಬಂದಿದ್ದೆ," ಎಂದಳು. "ಎರಡು ಸಲ. ನೀನು ತಲೆಗೆ ವಸ್ತ್ರ ಕಟ್ಟಿ ಕಳಿಸಿದೆ. ನನ್ನ ಮಾತು ನಿನಗೆ ಯಾವತ್ತೂ ಬೇಕಾಗಿರಲಿಲ್ಲ. ಅದು ನನಗೆ ಅಭ್ಯಾಸ ಆಗಿಹೋಗಿತ್ತು. ಆದ್ರೆ ಅದು ಅವಳಿಗೆ ಬೇಕಾಗಿತ್ತಮ್ಮ."

ಅಪಾ ಮಡಿಸಿದ ಬಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತಳು. ಆಮೇಲೆ ಎದ್ದು, ದಾರಿಗೆಂದು ಬೂರ್ಸೋಕ್ ಕಟ್ಟಿದಳು. ಮರುದಿನ ಬೆಳಿಗ್ಗೆ ವ್ಯಾನು ಹೊರಟಾಗ ಐಬಿಕೆ ಕಿಟಕಿಯಿಂದ ಅಜ್ಜನಿಗೆ, ಜಿಪಾರ್‌ಗೆ, ನಾಯಿಗೆ ಕೈಬೀಸಿದಳು. ಅಜ್ಜಿಯ ಕಡೆಗೂ ಬೀಸಿದಳು. ಅದು ನಾಯಿಗೇ ಇದ್ದಿರಬಹುದು ಎಂದು ಅಪಾಳಿಗೆ ಆಮೇಲೆ ಬಹಳ ದಿನ ಅನ್ನಿಸುತ್ತಿತ್ತು.

ಆ ಬೇಸಿಗೆ ಮನೆಯಲ್ಲಿ ಜಗಳವಿರಲಿಲ್ಲ. ಜಿಪಾರ್ ಹೊತ್ತಿಗೆ ಸರಿಯಾಗಿ ಚಹಾ ಕೊಡುತ್ತಿದ್ದಳು, ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ತಲೆ ಬಗ್ಗಿಸಿ. ಕೇಳಿದ್ದಕ್ಕೆ ಹೌದು ಅಪಾ, ಆಯಿತು ಅಪಾ. ಮೊದಲು ಅಡುಗೆಮನೆಯಲ್ಲಿ ಶಾಲೆಯ ಸುದ್ದಿ, ಊರಿನ ಸುದ್ದಿ ಬಡಬಡಿಸುತ್ತಿದ್ದವಳು ಈಗ ಪಾತ್ರೆಗಳ ಜೊತೆ ಮಾತ್ರ ಸದ್ದು ಮಾಡುತ್ತಿದ್ದಳು. ಇಬ್ಬರೂ ಕೂತು ಜರ್ದಾಳು ಬಿಡಿಸಿ ಒಣಗಲು ಹಾಕಿದರು, ಮೂವತ್ತು ಸೀಸೆ ಮುರಬ್ಬ ತುಂಬಿದರು. ಇಷ್ಟನ್ನು ತಿನ್ನೋರು ಯಾರು ಎಂದು ಅಸಾನ್ ಕೇಳಿದ.

ಸೆಪ್ಟೆಂಬರಿನ ಪೋಷಕರ ಸಭೆಯಲ್ಲಿ ಅಪಾ ಮುಂದಿನ ಕುರ್ಚಿಯಲ್ಲಿ ಕೂರಲಿಲ್ಲ. ಹಿಂದಿನ ಗೋಡೆಗೊರಗಿ ನಿಂತು, ಎಲ್ಲರ ಮಾತು ಮುಗಿದ ಮೇಲೆ ಕೈ ಎತ್ತಿದಳು. ಎಸೆನ್ ಗಾಬರಿಯಾಗಿ ಎದ್ದು ನಿಂತ.

"ಏಪ್ರಿಲ್‌ನಲ್ಲಿ ನಾನು ಇಲ್ಲಿ ಒಂದು ಮಾತು ಹೇಳಿದ್ದೆ," ಎಂದಳು. "ಮಕ್ಕಳ ಒಳ್ಳೇದಕ್ಕೆ ಅಂತ ಹೇಳಿದೆ. ಅದು ಸುಳ್ಳು. ಜಿಪಾರ್ ಕಲಿಸಿದ್ದನ್ನ ನಾನು ಕಲಿಸಿದ್ದು ಅಂತ ಊರಿಗೆಲ್ಲ ಹೇಳ್ಕೊಂಡಿದ್ದೆ, ಆ ನಾಚಿಕೆಗೆ ಹೇಳಿದೆ. ಅವಳು ಮಾಡ್ತಿದ್ದ ಕೆಲಸ ಸರಿಯಾಗಿತ್ತು. ಮತ್ತೆ ಮಾಡೋಕೆ ಬಿಡಿ."

ಯಾರೂ ತಲೆ ಎತ್ತಿ ಅವಳ ಮುಖ ನೋಡಲಿಲ್ಲ. ನಾಚಿಕೆ ಅವರಿಗೇ ಆದಂತಿತ್ತು. ಎಸೆನ್ ಒಪ್ಪಿದ, ಪುಸ್ತಕಕ್ಕೆ ಅಂಟಿಸುವುದು ಬೇಡ, ಬೇರೆ ಹಾಳೆಯಲ್ಲಿ ಮಾಡಿ ಎಂದ.

ಆದರೆ ರಷ್ಯಾದಲ್ಲಿದ್ದವರು ಮೊದಲಿನ ಹಾಗೆ ಮುಂದೆ ಬರಲಿಲ್ಲ. ಮಕ್ಕಳು ಮೂರನೇ ತರಗತಿಗೆ ಏರಿದ್ದರಿಂದ ಹೊಸ ಪಾಠಗಳನ್ನು ಓದಿಸಬೇಕಿತ್ತು; ಐಬಿಕೆ ಹೋದ ಮೇಲೆ ಅಂಥ ಮಕ್ಕಳು ಆರು. ಮೂವರ ಮನೆಯವರು ಓದಿ ಕಳಿಸಿದರು. ಒಬ್ಬ ತಾಯಿ ನೋಡೋಣ ಎಂದಳು. ಇಬ್ಬರು, ಸಲ ಸಲಕ್ಕೂ ಓದು ಅಂತೀರಿ, ತೆಗೆದುಹಾಕು ಅಂತೀರಿ, ಇದೇನು ನಿಮ್ಮ ಆಟವಾ ಎಂದರಂತೆ. ಓದಿ ಕಳಿಸದ ಆ ಮೂವರ ಮಕ್ಕಳ ಹೆಸರನ್ನು ಅಪಾ ಒಂದು ಚೀಟಿಯಲ್ಲಿ ಬರೆಸಿಕೊಂಡಳು. ಅಂದಿನ ಊಟವಾದ ಮೇಲೆ ಮೇಜು ಒರೆಸಿ, ಕನ್ನಡಕ ಹಾಕಿಕೊಂಡು, ನನಗೆ ಅದನ್ನು ಮಾಡೋದು ಹೇಳಿಕೊಡು ಎಂದು ಸೊಸೆಯ ಎದುರು ಕೂತಳು.

ಜಿಪಾರ್ ಹೇಳಿಕೊಟ್ಟಳು. ಮುದುಕಿಯ ಬೆರಳು ಗಾಜಿನ ಮೇಲೆ ನಿಲ್ಲುತ್ತಿರಲಿಲ್ಲ. ಮುದ್ರಿಸು ಎಂದು ಒತ್ತುವುದಕ್ಕೆ ಬದಲು ಫೋಟೋ ತೆಗೆಯುತ್ತಿದ್ದಳು. ಮೊದಲ ಸಲ ಪಾಠವೆಲ್ಲ ಓದಿ ಮುಗಿಸಿದ ಮೇಲೆ, ಧ್ವನಿಮುದ್ರಣ ಶುರುವೇ ಆಗಿರಲಿಲ್ಲ ಎಂದು ಗೊತ್ತಾಯಿತು. ಎರಡನೆಯ ಸಲ ಓದಿ, ಕೇಳಿಸಿಕೊಂಡು, ತಾನೇ ಅಳಿಸು ಎಂದಳು.

"ಯಾಕೆ ಅಪಾ? ಚೆನ್ನಾಗಿದೆ."

"ಗದರಿಸೋ ಹಾಗೆ ಓದಿದೀನಿ," ಎಂದಳು. "ಹೀಗೇ ಓದ್ತಿದ್ದೆನಾ ನಾನು, ಮೂವತ್ತಾರು ವರ್ಷ?"

ಜಿಪಾರ್ ಎದ್ದು ಹೋಗಿ ಚಹಾ ಕಾಸಿ ತಂದು, ತಾನೂ ಒಂದು ಬಟ್ಟಲು ಹಿಡಿದು ಪಕ್ಕದಲ್ಲಿ ಕೂತಳು. ಬೇಸಿಗೆಯಿಂದೀಚೆಗೆ ಅವಳು ಹಾಗೆ ಕೂತಿರಲಿಲ್ಲ. ಮಗು ಎದುರಿಗಿದೆ ಅಂದ್ಕೊಳ್ಳಿ, ತಪ್ಪಿದರೂ ಪರವಾಗಿಲ್ಲ ಅಂತ ನಡುವೆ ಹೇಳಿ ಎಂದಳು. ಅಷ್ಟು ಹೇಳುವುದು ಬುರುಲ್ ಅಪಾಳಿಗೆ ಇಡೀ ಪಾಠ ಓದುವುದಕ್ಕಿಂತ ಕಷ್ಟವಾಯಿತು. ಅಕ್ಟೋಬರ್ ಮುಗಿಯುವ ಹೊತ್ತಿಗೆ ಒಂಬತ್ತು ಪಾಠಗಳಾದವು. ಆ ಮೂವರಲ್ಲಿ ಇಬ್ಬರು ಕೇಳುತ್ತಿದ್ದರು. ಒಂದು ಹುಡುಗಿ, ಇದು ನಮ್ಮಮ್ಮ ಅಲ್ಲ ಎಂದು ಹಾಳೆ ವಾಪಸು ಕೊಟ್ಟಳು.

ನವೆಂಬರಿನ ಒಂದು ಭಾನುವಾರ, ಹೊರಗೆ ಮೊದಲ ಹಿಮ ಬೀಳುತ್ತಿತ್ತು. ಮಾಸ್ಕೋದಿಂದ ಫೋನ್ ಬಂತು. ಈಗೀಗ ಅದು ವಾರಕ್ಕೊಮ್ಮೆಯಿಂದ ತಿಂಗಳಿಗೊಮ್ಮೆಗೆ ಇಳಿದಿತ್ತು. ಐಬಿಕೆ ಅಜ್ಜನ ಜೊತೆ ಮಾತಾಡಿದಳು, ನಡುನಡುವೆ ರಷ್ಯನ್ ಪದ ಸೇರಿಸುತ್ತಿದ್ದಳು. ಹೊಸ ಶಾಲೆ, ಹೊಸ ಗೆಳತಿ, ಮೆಟ್ಟಿಲ ಕೆಳಗೆ ಒಂದು ಬೆಕ್ಕು. ಅಜ್ಜಿಯ ಸರದಿ ಬಂದಾಗ ಅಪಾಳಿಗೆ ಏನು ಕೇಳಬೇಕೆಂದು ತೋಚಲಿಲ್ಲ.

"ನಮ್ಮ ಪುಸ್ತಕ ಅಲ್ಲಿದೆಯಾ?" ಎಂದಳು.

"ಇದೆ. ಅಮ್ಮ ತಂದಿದಾಳೆ."

"ಒಂಚೂರು ಓದ್ತೀಯಾ? ಬೇಡ ಅಂದ್ರೆ ಬೇಡ."

ಆ ಕಡೆ ಹಾಳೆ ಮಗುಚುವ ಸದ್ದು. ಐಬಿಕೆ ಓದತೊಡಗಿದಳು. ಮೊದಲಿನಷ್ಟು ಸಲೀಸಾಗಿ ಅಲ್ಲ. ರಷ್ಯನ್ ಎಳೆದಾಟ ನಾಲಗೆಗೆ ಹತ್ತಿಕೊಂಡಿತ್ತು. ನಾಲ್ಕನೆಯ ಸಾಲಿನಲ್ಲಿ ಒಂದು ಪದಕ್ಕೆ ಎಡವಿ ನಿಂತಳು. ಅಪಾಳಿಗೆ ಆ ಪದ ಗೊತ್ತಿತ್ತು. ಅದು ನಾಲಗೆಯ ತುದಿಗೇ ಬಂದಿತ್ತು. ಅವಳು ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಮೇಜಿನಾಚೆ ರೊಟ್ಟಿ ಮುರಿಯುತ್ತಿದ್ದ ಜಿಪಾರ್ ಕೈ ನಿಲ್ಲಿಸಿದಳು.

ಫೋನಿನಲ್ಲಿ ಉಸಿರಾಟ ಮಾತ್ರ. ಆಮೇಲೆ, ಫೋನಿನಿಂದ ಸ್ವಲ್ಪ ದೂರದಲ್ಲಿ, ಚೋಲ್ಪೋನ್‌ಳ ಧ್ವನಿ ಆ ಪದವನ್ನು ಬಿಡಿಬಿಡಿಯಾಗಿ ಹೇಳಿತು. ಐಬಿಕೆ ಅದನ್ನು ಎತ್ತಿಕೊಂಡು ಮುಂದಕ್ಕೆ ಓದಿದಳು. ಇನ್ನೊಂದು ಕಡೆ ನಿಂತಳು, ತಾಯಿ ಹೇಳಿದಳು, ಮತ್ತೆ ಓದಿದಳು. ಅಪಾ ಕಣ್ಣು ಮುಚ್ಚಿ ಕೇಳುತ್ತಿದ್ದಳು.

ಪುಟ ಮುಗಿಯಿತು. ಚೋಲ್ಪೋನ್ ಫೋನ್ ತೆಗೆದುಕೊಂಡಳು. "ಕೇಳಿಸ್ತಾ, ಅಮ್ಮ?"

"ಕೇಳಿಸ್ತು. ಇನ್ನೊಂದು ಪುಟ ಓದಿಸು. ನೀನೂ ಹಾಗೇ ಹೇಳ್ಕೊಡ್ತಾ ಇರು."

"ಇವತ್ತು ಸಾಕು. ನಾಳೆ ಅವಳಿಗೆ ಶಾಲೆ, ನನಗೂ ಬೆಳಿಗ್ಗೆ ಬೇಗ ಕೆಲಸ."

"ಸರಿ," ಎಂದಳು ಅಪಾ. "ಮುಂದಿನ ಭಾನುವಾರ..."

"ನೋಡೋಣ ಅಮ್ಮ," ಎಂದಳು ಚೋಲ್ಪೋನ್. ಫೋನ್ ಕಡಿಯಿತು.